ಸೈರನ್ ಇಲ್ಲದ ಬ್ಲಾಸ್ಟಿಂಗ್

ಹೊಸ ಆಂಪ್ಲಿಫೈಯರಿಗೆ ಬೇಸ್ ಗಿಟಾರ್ ಜೋಡಿಸಿ ದಪ್ಪ ತಂತಿಯನ್ನು ಮೀಟಿದ್ದೇ ತಡ, ಪಕ್ಕದ ಮನೆಯ ಗಂಗಮ್ಮ ಸ್ಟೀಲ್ ತಾಟುಗಳನ್ನು ಎದೆಗವಚಿಕೊಂಡು ನಮ್ಮ ಬಾಗಿಲಿಗೆ ಓಡಿ ಬಂದರು.

"ಸೈರನ್ನೇ ಆಗಿಲ್ಲ, ಬ್ಲಾಸ್ಟಿಂಗ್ ಹೆಂಗ ಮಾಡಿದ್ರಪಾ?"

ಯಶವಂತನಗರದ ಗಣಿಯಲ್ಲಿ ಬಂಡೆ ಸಿಡಿಸುವ ಮೊದಲು ಸೈರನ್ ಕೂಗುತ್ತದೆ. ಅದು ಕೇಳಿದೊಡನೆ, ನೆಲದ ಅದುರಿಗೆ ಉರುಳಿ ಬೀಳದಿರಲೆಂದು ನಮ್ಮ ಓಣಿಯ ಹೆಂಗಸರು ಗೋಡೆಯ ಸ್ಟ್ಯಾಂಡಿನಿಂದ ತಾಟು, ಲೋಟಗಳನ್ನು ಕೆಳಗಿಳಿಸಿಬಿಡುತ್ತಾರೆ. ನಾನು ಅಂಜುತ್ತಲೇ ಗಿಟಾರ್ ತೋರಿಸಿದೆ. ಈ ಮನೆಯಲ್ಲಿ ಇನ್ನು ಪ್ರ್ಯಾಕ್ಟೀಸ್ ಬಂದ್ ಎಂದುಕೊಂಡು ನಮ್ಮ ಬ್ಯಾಂಡಿನ ಡ್ರಮ್ಮರ್ ಆಗಲೇ ಕಡ್ಡಿಗಳನ್ನು ಚೀಲಕ್ಕೆ ಹಾಕತೊಡಗಿದ್ದ.

ಗಂಗಮ್ಮ ಗಿಟಾರನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಬಾರ್ಸಪ್ಪ, ಬ್ಯಾಡ ಅನ್ನಂಗಿಲ್ಲ. ಆದ್ರ ಮೊದ್ಲು ಒಂದು ಸೀಟಿ ಹೊಡಿ. ತಾಟು ಇಳಿಸ್ಕೆಂತೀನಿ."

ಅಂದಿನಿಂದ ಡ್ರಮ್ಮರ್ ಸೀಟಿ ಹೊಡೆದು, ಪಕ್ಕದ ಮನೆಯ ಪಾತ್ರೆಗಳ ಸದ್ದು ನಿಂತ ಮೇಲೆಯೇ ನಮ್ಮ ಹಾಡು ಶುರು.

ಬ್ಯಾಂಡಿನಲ್ಲಿ ಬೇಸ್ ನುಡಿಸುವವನು ಇದ್ದಾನೋ ಇಲ್ಲವೋ ಎಂಬುದೇ ಜನರಿಗೆ ತಿಳಿಯುವುದಿಲ್ಲ. ಹೊಸಪೇಟೆಯ ಆರತಕ್ಷತೆಗಳಲ್ಲಿ ಹಾಡುಗಾರನ ಜೊತೆ ಫೋಟೊಗೆ ನಿಲ್ಲುವವರು, ತೆಗೆದುಕೊಡಿ ಎಂದು ಫೋನನ್ನು ನನ್ನ ಕೈಗೇ ಕೊಡುತ್ತಾರೆ. ನಾನು ನಗುತ್ತಲೇ ತೆಗೆದುಕೊಡುತ್ತೇನೆ. ನನ್ನ ಸಂಗೀತಕ್ಕೆ ತಾಟು ಇಳಿಸಿಕೊಳ್ಳುವವರು ಒಬ್ಬರಾದರೂ ಇದ್ದಾರಲ್ಲ!