ಬೆಳ್ಳಿಯಮ್ಮನವರ ಒಂದು ತಪ್ಪು

ತಿರುಪ್ಪೂರಿನ ಉಡುಪಿನ ಲೋಕದಲ್ಲಿ ಹೆಸರು ಬರುವುದು ಬನಿಯನ್ನಿಗೆ. ಚಡ್ಡಿಯನ್ನು ಬಿಗಿಯುವ ಲಾಡಿಯನ್ನು ಯಾರೂ ಕೇಳುವುದಿಲ್ಲ. ಅಂಥ ಲಾಡಿ, ಎಲಾಸ್ಟಿಕ್, ಪಟ್ಟಿಗಳನ್ನು ನೇಯುವ ಪಲ್ಲಡಂ ರಸ್ತೆಯ ನಮ್ಮ ಘಟಕದಲ್ಲಿ ಇಪ್ಪತ್ತೆಂಟು ವರ್ಷ ಗುಣಮಟ್ಟ ಪರೀಕ್ಷಕರಾಗಿದ್ದು, ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಬೆಳ್ಳಿಯಮ್ಮನವರು ಈ ಉದ್ಯಮದ ಬಹು ದೊಡ್ಡ ವ್ಯಕ್ತಿ ಎಂದು ನಾನು ಬರೆದರೆ ಮೊದಲು ನಗುವವರು ಅವರೇ. ನಗಲಿ, ನಾನಂತೂ ಬರೆಯುತ್ತೇನೆ.

ನಮ್ಮ ಕನ್ನಡ ಬಳಗವು ಅವರಿಗೊಂದು ಅಭಿನಂದನ ಗ್ರಂಥವನ್ನು ಅರ್ಪಿಸಬೇಕೆಂದು ನಿಶ್ಚಯಿಸಿದಾಗ ಅವರು ಹಾಕಿದ ಷರತ್ತು ಒಂದೇ: "ನನ್ ತಪ್ಪನ್ನೂ ಬರೀಬೇಕು ತಂಬಿ. ಇಲ್ಲಾಂದ್ರೆ ಪುಸ್ತಕವೇ ವೇಂಡ." ಇಂಥ ಗ್ರಂಥಗಳಲ್ಲಿ ತಪ್ಪುಗಳಿಗೆ ಜಾಗವಿರುವುದಿಲ್ಲವಾದ್ದರಿಂದ ಸಂಪಾದಕರು ತಲೆ ಕೆರೆದುಕೊಂಡು, ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಬೆಳ್ಳಿಯಮ್ಮನವರು ಹುಟ್ಟಿದ್ದು ನೆಗಮಂನ ನೇಕಾರರ ಮನೆಯಲ್ಲಿ. ಮನೆಯ ಮಾತು ಕನ್ನಡ, ಶಾಲೆಯ ಓದು ತಮಿಳು. ಕನ್ನಡದ ಅಕ್ಷರ ಅವರಿಗೆ ಬಾರದು. ಹನ್ನೆರಡು ವರ್ಷಗಳ ಹಿಂದೆ ಹಾವೇರಿ ಕಡೆಯಿಂದ ಇಲ್ಲಿನ ಕಚೇರಿಗೆ ಗುಮಾಸ್ತನಾಗಿ ಬಂದ ನನ್ನ ಕನ್ನಡವನ್ನು ಕೇಳಿ, "ರೇಡಿಯೋದವ್ರು ಮಾತಾಡ್ದಂಗೆ ಮಾತಾಡ್ತೀರಲ್ಲ" ಎಂದು ಛೇಡಿಸಿದ್ದರು. ನಾನು ಮಧ್ಯಾಹ್ನ ಬರೀ ಬನ್ನು, ಚಹಾದಲ್ಲಿ ದಿನ ದೂಡುತ್ತಿದ್ದುದನ್ನು ಕಂಡ ಮರುದಿನವೇ ಇನ್ನೊಂದು ಡಬ್ಬಿಯಲ್ಲಿ ಅಕ್ಕಿ, ಬೇಳೆ ಕೂಡಿಸಿ ಬೇಯಿಸಿದ ಬಿಸಿ ಅನ್ನ ಬಂತು. ಸೊಸೆ ಗೋಕಿಲಾ ಅಳತೆ ತಪ್ಪಿ ಹೆಚ್ಚು ಮಾಡಿಬಿಟ್ಟಳಂತೆ. ಆ ಸೊಸೆ ಹನ್ನೊಂದು ತಿಂಗಳು, ಒಂದು ದಿನವೂ ಬಿಡದೆ, ಅಳತೆ ತಪ್ಪಿದಳು.

ಆರು ವರ್ಷಗಳ ಹಿಂದೆ ಪರಿಹಾರ ಸಂಸ್ಥೆಯೊಂದು ನಮಗೆ ಹೊಸ ಬಗೆಯ ಕೆಲಸವನ್ನು ಒಪ್ಪಿಸಿತು. ಯುದ್ಧದಿಂದಲೋ ಬರದಿಂದಲೋ ಜನ ಊರು ಬಿಟ್ಟು ಗುಡಾರಗಳಲ್ಲಿ ಬದುಕುವ ದೇಶಗಳಲ್ಲಿ ಮಗುವಿನ ಹಸಿವನ್ನು ತಿಳಿಯಲು ಅದರ ತೋಳಿಗೆ ಮೂರು ಬಣ್ಣದ ಒಂದು ಪಟ್ಟಿಯನ್ನು ಸುತ್ತಿ, ಸುತ್ತಳತೆ ಯಾವ ಬಣ್ಣಕ್ಕೆ ಮುಟ್ಟುತ್ತದೆಂದು ನೋಡುತ್ತಾರೆ. ತೋಳು ಸಣ್ಣದಾದಷ್ಟೂ ಅಳತೆ ಕೆಂಪಿನ ಕಡೆಗೆ. ಕೆಂಪು ಬಂದರೆ ಕೂಡಲೇ ಚಿಕಿತ್ಸೆ, ಹಳದಿ ಬಂದರೆ ವಿಶೇಷ ಆಹಾರ, ಹಸಿರು ಬಂದರೆ ಮಗು ಚೆನ್ನಾಗಿದೆಯೆಂದು ಮನೆಗೆ. ಪ್ಲಾಸ್ಟಿಕ್ ಪಟ್ಟಿ ಬಿಸಿಲಿಗೆ ಸೊಟ್ಟಗಾಗುತ್ತದೆಂದು ಅವರು ಒಗೆದು ಬಳಸುವಂಥ ಹತ್ತಿಯ ಪಟ್ಟಿಯನ್ನು ಕೇಳಿದ್ದರು. ಮಾದರಿಯನ್ನು ಪರೀಕ್ಷಿಸಿದವರು ಬೆಳ್ಳಿಯಮ್ಮನವರು. ಮೂರು ಸಲ ಒಗೆದರು, ಬಿಳಿ ಬಟ್ಟೆಗೆ ಉಜ್ಜಿದರು, ಬಣ್ಣ ಒಂದಿಷ್ಟೂ ಬಿಡಲಿಲ್ಲವೆಂದು ಸಂತೋಷದಿಂದ ಸಹಿ ಹಾಕಿದರು. ಹತ್ತು ಸಾವಿರ ಪಟ್ಟಿಗಳು ವಿಮಾನ ಹತ್ತಿದವು.

ಮಿಕ್ಕ ಒಂದು ಪಟ್ಟಿಯನ್ನು ಅವರು ಮನೆಗೆ ಒಯ್ದು ಒಂಬತ್ತು ತಿಂಗಳ ಮೊಮ್ಮಗಳು ಅಭಿನಯಾಳ ತೋಳಿಗೆ ಸುತ್ತಿದರೆ, ಹಳದಿ! ಮನೆಯೆಲ್ಲ ಗಾಬರಿಯಾಗಿ ಕೂಸಿಗೆ ತಿನ್ನಿಸಲು ಟೊಂಕ ಕಟ್ಟಿ ನಿಂತಿತು. ಎಂಟನೆಯ ದಿನ ಸುತ್ತಿದಾಗ ಹಸಿರು ಬಂತು. ಗೋಕಿಲಾ ತನ್ನ ರಾಗಿ ಗಂಜಿಯ ಮಹಿಮೆಯನ್ನು ಬೀದಿಗೆಲ್ಲ ಸಾರಿಬಂದಳು. ಅತ್ತೆಗೆ ಮಾತ್ರ ಅನುಮಾನ. ಆ ಪಟ್ಟಿ ಕೂಸಿನ ಬಟ್ಟೆಗಳ ಜೊತೆ ಒಗೆತಕ್ಕೆ ಬಿದ್ದು ಹಗ್ಗದ ಮೇಲೆ ಒಣಗಿದ್ದನ್ನು ಅವರು ನೋಡಿದ್ದರು. ಸ್ಟೀಲ್ ಸ್ಕೇಲ್ ಹಿಡಿದು ಅಳೆದರು. ಹಸಿರು ಶುರುವಾಗುವ ಗೆರೆ ನಾಲ್ಕು ಮಿಲಿಮೀಟರ್ ಹಿಂದೆ ಸರಿದಿತ್ತು. ಕೂಸು ದಪ್ಪಗಾಗಿರಲಿಲ್ಲ, ಪಟ್ಟಿ ಕುಗ್ಗಿತ್ತು.

ಇದು ನೇಕಾರರ ಮನೆಮಗಳು ಮಾತ್ರ ಮಾಡಬಹುದಾದ ತಪ್ಪು. ಸೀರೆ ಒಂದು ಅಂಗುಲ ಕುಗ್ಗಿದರೆ ಉಟ್ಟವರಿಗೆ ಗೊತ್ತೇ ಆಗುವುದಿಲ್ಲ. ಬಣ್ಣ ಬಿಟ್ಟರೆ ನೇಯ್ದವರ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಒಗೆದು ಬಣ್ಣ ನೋಡುವುದು ಅವರಿಗೆ ರಕ್ತದಲ್ಲೇ ಬಂದ ಅಭ್ಯಾಸ. ಒಗೆದ ಮೇಲೆ ಉದ್ದ ಅಳೆಯುವುದು ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಅವರು ನಮ್ಮ ಯಜಮಾನರಾದ ರಾಮಲಿಂಗಂ ಅವರ ಮೇಜಿನ ಮೇಲೆ ಪಟ್ಟಿಯನ್ನೂ ಸ್ಕೇಲನ್ನೂ ಇಟ್ಟರು. "ತಪ್ಪು ನಂದೇ ಮೊದಲಾಳಿ. ಬಣ್ಣ ನೋಡ್ದೆ, ಅಳತೆ ನೋಡ್ಲಿಲ್ಲ."

ಯಜಮಾನರ ಮುಖ ಬಿಳಿಚಿಕೊಂಡಿತು. "ಅಲ್ಲಿ ಒಗೀತಾರೋ ಇಲ್ಲವೋ ಅಕ್ಕಾ. ಈಗ ಹೇಳುದ್ರೆ ಆರ್ಡರೇ ಹೋಗ್ತದೆ. ನಾಕು ಮಗ್ಗ ನಿಂತೋಗ್ತದೆ."

"ಮಗ್ಗ ನಿಂತ್ರೆ ಮತ್ತೆ ಓಡ್ಸಬಹುದು ಮೊದಲಾಳಿ. ಹಸಿರು ತೋರ್ಸಿ ಮನೇಗೆ ಕಳ್ಸಿದ ಕೂಸನ್ನ ಯಾರು ಹೋಗಿ ಕರ್ಕೊಂಡು ಬರೋದು?"

ರಾಮಲಿಂಗಂ ಅವರು ಒಂದು ಲೋಟ ನೀರು ಕುಡಿದು, ಸಂಸ್ಥೆಗೆ ಪತ್ರ ಬರೆಯಲು ಪಕ್ಕದ ಮೇಜಿನಲ್ಲಿದ್ದ ನನಗೆ ಹೇಳಿದರು. ತಪ್ಪಿನ ಮುಂದೆ ತಮ್ಮ ಹೆಸರೇ ಇರಬೇಕೆಂದು ಬೆಳ್ಳಿಯಮ್ಮನವರು ಹಟ ಹಿಡಿದರು. ಅವರನ್ನು ಒಬ್ಬಂಟಿಯಾಗಿ ನಿಲ್ಲಿಸಲು ಯಜಮಾನರಿಗೆ ಮನಸ್ಸಾಗದೆ 'ಗುಣಮಟ್ಟ ವಿಭಾಗ' ಎಂದು ಹಾಕಿಸಿದರು. ಟೈಪ್ ಮಾಡಿದವನು ನಾನು.

ಒಂಬತ್ತು ದಿನಗಳ ಮೇಲೆ ಶಿಬಿರದ ನರ್ಸ್ ಒಬ್ಬರಿಂದ ಉತ್ತರ ಬಂತು. ಪತ್ರ ತಲುಪಿದ ದಿನವೇ ಪಟ್ಟಿಗಳನ್ನು ತೆಗೆದಿಟ್ಟು, ಹಸಿರೆಂದು ಮನೆಗೆ ಕಳಿಸಿದ್ದ ಮಕ್ಕಳನ್ನು ಗುಡಾರದಿಂದ ಗುಡಾರಕ್ಕೆ ಹೋಗಿ ಮತ್ತೆ ಅಳೆದಿದ್ದರು. ಮೂವತ್ತೊಂದು ಮಕ್ಕಳಿಗೆ ಆಹಾರ ಬೇಕಾಗಿತ್ತು. ಮೂವತ್ತೊಂದು ಮಕ್ಕಳೂ ಸಿಕ್ಕಿದ್ದಾರೆ, ಈಗ ಚೆನ್ನಾಗಿ ತಿನ್ನುತ್ತಿದ್ದಾರೆ ಎಂದಿತ್ತು. 'ಸಿಕ್ಕಿದ್ದಾರೆ' ಎಂಬ ಮಾತನ್ನು ಬೆಳ್ಳಿಯಮ್ಮನವರು ನನ್ನಿಂದ ಮೂರು ಸಲ ಓದಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತು, ಹೊರಗೆ ಹೋಗಿ ಇಡೀ ಘಟಕಕ್ಕೆ ಜೇನು ಮಿಠಾಯಿ ತಂದರು. ಆರ್ಡರ್ ಹೋಗಲಿಲ್ಲ, ಕುಗ್ಗದ ನೂಲಿನಲ್ಲಿ ನೇಯ್ದ ಪಟ್ಟಿ ಇಂದಿಗೂ ಹೋಗುತ್ತಿದೆ. ಅಭಿನಯಾ ಗಂಜಿ ಕುಡಿದು ಕುಡಿದು ಎರಡನೆಯ ತರಗತಿಗೆ ಬಂದಿದ್ದಾಳೆ.

ಬೆಳ್ಳಿಯಮ್ಮನವರಿಗೆ ಆಯುಷ್ಯ, ಆರೋಗ್ಯಗಳು ಹೇರಳವಾಗಿ ದೊರೆಯಲಿ. ವಿಶ್ರಾಂತಿಯನ್ನು ಹಾರೈಸಿ ಫಲವಿಲ್ಲ. ಗುರುವಾರ ಗುರುವಾರ ಬಂದು ಹೊಸ ಹುಡುಗಿಯರಿಗೆ ಕೆಲಸ ಕಲಿಸುವೆನೆಂದು ಅವರಾಗಲೇ ಹೇಳಿದ್ದಾರೆ. ಈ ಬರಹವನ್ನು ಇಲ್ಲಿಯವರೆಗೆ ಅವರ ಮುಂದೆ ಓದಿದ್ದೇನೆ. ತಪ್ಪು ಸರಿಯಾಗಿ ಬಂದಿದೆಯೆಂದು ಒಪ್ಪಿದ್ದಾರೆ.

ಒಂದು ಸಂಗತಿಯನ್ನು ಮಾತ್ರ ಅವರಿಗೆ ಇದುವರೆಗೆ ಹೇಳಿರಲಿಲ್ಲ. ಆ ನರ್ಸ್ ತಮ್ಮ ಪತ್ರದ ಕೊನೆಯಲ್ಲಿ, ಪಟ್ಟಿಯನ್ನು ಒಗೆದು ಅಳೆದವರು ಯಾರು, ತಾಯಂದಿರು ಕೇಳುತ್ತಿದ್ದಾರೆ ಎಂದು ಬರೆದಿದ್ದರು. ಹಿಂದಿನ ಪತ್ರದಂತೆಯೇ ನಾನು 'ಗುಣಮಟ್ಟ ವಿಭಾಗ' ಎಂದು ಉತ್ತರಿಸಿ ಸುಮ್ಮನಾಗಿದ್ದೆ. ಆರು ವರ್ಷ ಆ ಉತ್ತರ ನನ್ನನ್ನು ಚುಚ್ಚಿದೆ. ಈ ವಾರ ಆ ನರ್ಸ್‌ಗೆ ಮತ್ತೆ ಬರೆದೆ: ಅವರ ಹೆಸರು ಬೆಳ್ಳಿಯಮ್ಮ, ಊರು ನೆಗಮಂ, ದಯವಿಟ್ಟು ತಾಯಂದಿರಿಗೆ ತಿಳಿಸಿ.