ಗೊತ್ತಿಲ್ಲ ಎಂದ ನನ್ನ ಇಂಜಿನಿಯರ್

ನನ್ನ ಮಗಳು ಇಂಜಿನಿಯರ್ ಎಂದು ಹೇಳಿಕೊಳ್ಳಲು ನಾನು ಯಾವತ್ತೂ ಸಂಕೋಚಪಟ್ಟವಳಲ್ಲ. ದೆಹಲಿಯ ವಸಂತ್ ಕುಂಜ್‌ನ ನಮ್ಮ ಬ್ಲಾಕಿಗೆ ಬರುವ ತರಕಾರಿ ಗಾಡಿಯ ಭಯ್ಯಾನಿಗೂ ಅದು ಗೊತ್ತು. ಕೊತ್ತಂಬರಿ ಸೊಪ್ಪು ಆರಿಸುವ ನೆಪದಲ್ಲಿ ಅವನಿಗೆ ಎಷ್ಟು ಸಲ ಹೇಳಿದ್ದೇನೋ! ಕಟ್ಟಡ ಎಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕುವುದು ಅವಳ ಕೆಲಸ. ‘ಹಾಗೆಲ್ಲ ಕೊಚ್ಕೋಬೇಡಮ್ಮ, ಪ್ಲೀಸ್’ ಎಂದು ಅವಳು ಗದರುತ್ತಾಳೆ. ಅಲ್ಲ, ಹೆತ್ತವಳು ಕೊಚ್ಚಿಕೊಳ್ಳದೆ ಇನ್ಯಾರು ಕೊಚ್ಚಿಕೊಳ್ಳಬೇಕು?

ಆದರೆ ಅವಳ ಬಗ್ಗೆ ನನಗಿರುವ ನಿಜವಾದ ಹೆಮ್ಮೆ ಆ ಡಿಗ್ರಿಯದಲ್ಲ. ಅದು ಬಂದದ್ದು ಒಂದು ಗೋಡೆಯಿಂದ. ಮೊದಲು ನಾಚಿಕೆ ಬಂತು, ಆಮೇಲೆ ಸಿಟ್ಟು ಬಂತು, ಹೆಮ್ಮೆ ಬಂದದ್ದು ಎಲ್ಲಕ್ಕಿಂತ ಕೊನೆಗೆ.

ನನ್ನ ಯಜಮಾನರು ಸೈನ್ಯದಲ್ಲಿದ್ದವರು. ನಿವೃತ್ತರಾದ ಮೇಲೂ ಬೆಳಕು ಹರಿಯುವ ಮೊದಲೇ ಎದ್ದು, ಬೂಟು ಕಟ್ಟಿಕೊಂಡು ಪಾರ್ಕಿಗೆ ಹೋಗುತ್ತಿದ್ದ ಮನುಷ್ಯ. ಅಂಥವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು, ಮಾತು ತೊದಲಿತು. ನೋಡಲು ಬಂದವರೆಲ್ಲ ಅವರ ಭುಜ ತಟ್ಟಿ, ‘ಹೋಳಿ ಹೊತ್ತಿಗೆ ಎದ್ದು ಓಡಾಡ್ತೀರಿ ನೋಡಿ’ ಎಂದರು. ಹೋಳಿ ಬಂತು, ಹೋಯಿತು. ದೀಪಾವಳಿಗೆ ಖಂಡಿತ ಎಂದರು. ದೀಪಾವಳಿಯೂ ಹೋಯಿತು. ಅವರು ಎಲ್ಲರ ಮಾತಿಗೂ ತಲೆಯಾಡಿಸುತ್ತಿದ್ದರು. ಬಂದವರು ಹೊರಟ ಮೇಲೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ನಾನೂ ಅವರಿಗೆ ದಿನಾ ಅದೇ ಮಾತನ್ನೇ ಹೇಳುತ್ತಿದ್ದೆ. ಮತ್ತೇನು ಹೇಳಲಿ?

ದೆಹಲಿಯ ಚಳಿಯಲ್ಲಿ ಬಿಸಿಲಿಲ್ಲದ ಕೋಣೆಯೆಂದರೆ ಫ್ರಿಜ್ಜಿನೊಳಗೆ ಕೂತ ಹಾಗೆ. ಅವರು ಮಲಗುವ ಒಳಕೋಣೆಗೆ ಬಿಸಿಲಿನ ಸುಳಿವೇ ಇಲ್ಲ. ಬಿಸಿಲು ಬೀಳುವುದೆಲ್ಲ ಹಾಲ್‌ನ ಆಚೆಗಿರುವ ಬಾಲ್ಕನಿಗೆ. ಕೋಣೆಯಿಂದ ಹಾಲ್‌ಗೆ ಬರುವ ದಾರಿ ಇಕ್ಕಟ್ಟು. ಗಾಲಿಕುರ್ಚಿ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಅವರ ಮೊಣಕೈ ತರಚುತ್ತಿತ್ತು. ನಡುವಿನ ಒಂದು ಗೋಡೆ ಹೋದರೆ ಮಂಚದಿಂದ ಬಾಲ್ಕನಿಗೆ ನೇರ ದಾರಿ. ಈ ಚಳಿಗಾಲವನ್ನಾದರೂ ಅವರು ಬಿಸಿಲಿನಲ್ಲಿ ಕಳೆಯಬೇಕು ಎಂದು ನಾನು ಹಟ ಹಿಡಿದೆ.

ನಮ್ಮ ಬ್ಲಾಕಿನಲ್ಲಿ ಗೋಡೆ ಒಡೆಸದವರೇ ಇಲ್ಲ ಎನ್ನಬಹುದು. ಕೆಲವರು ಬಾಲ್ಕನಿಯನ್ನು ಕೋಣೆ ಮಾಡಿಕೊಂಡಿದ್ದಾರೆ, ಕೆಲವರು ಅಡುಗೆಮನೆಯನ್ನು ಹಾಲ್‌ಗೆ ಸೇರಿಸಿಕೊಂಡಿದ್ದಾರೆ. ಇದೆಲ್ಲ ಮಾಡಿಕೊಡುವ ಠೇಕೇದಾರ ಒಬ್ಬನೇ. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಚುರುಕು. ಏನು ಕೇಳಿದರೂ ಅವನದು ಒಂದೇ ಉತ್ತರ: ‘ಹೋ ಜಾಯೇಗಾ, ಆಂಟಿಜೀ!’ ಗೋಡೆಗೂ ‘ಆಗಿಬಿಡುತ್ತೆ’ ಎಂಬ ಅದೇ ಉತ್ತರ ಬಂತು. ಆದರೂ ನಾನು ಅವನೆದುರು ಬೀಗುತ್ತಾ, ‘ನನ್ನ ಮಗಳೇ ಇಂಜಿನಿಯರ್. ಭಾನುವಾರ ಅವಳೇ ಬಂದು ನೋಡಿ ಹೇಳ್ತಾಳೆ, ಆಮೇಲೆ ಸುತ್ತಿಗೆ ಎತ್ತು’ ಎಂದೆ. ಮೇಲಿನ ಮನೆಯ ನಿವೃತ್ತ ಪ್ರೊಫೆಸರಿಗೂ ಹೇಳಿಟ್ಟೆ. ಅವರು ಇತಿಹಾಸ ಕಲಿಸಿದವರು, ಆದರೆ ಅವರಿಗೆ ತಿಳಿಯದ ವಿಷಯ ಈ ಭೂಮಿಯ ಮೇಲಿಲ್ಲ. ‘ಅದು ಬರೀ ಪಾರ್ಟಿಶನ್ ಗೋಡೆ, ಧೈರ್ಯವಾಗಿ ಒಡೆಸಿ’ ಎಂದು ಅವರೂ ಅಪ್ಪಣೆ ಕೊಟ್ಟರು.

ಭಾನುವಾರ ಠೇಕೇದಾರ ಆಳುಗಳ ಜೊತೆ ಬಂದ. ಪ್ರೊಫೆಸರ್ ಶಾಲು ಹೊದ್ದುಕೊಂಡು ಇಳಿದು ಬಂದರು. ನಾನು ಎಲ್ಲರಿಗೂ ಶುಂಠಿ ಚಹಾ ಕೊಟ್ಟೆ. ಮಗಳು ಗೋಡೆಯನ್ನು ತಟ್ಟಿದಳು, ಅಳೆದಳು, ಏಣಿ ಹತ್ತಿ ಸೂರಿನ ಅಂಚನ್ನು ಕೈಯಿಂದ ಸವರಿದಳು. ಎಲ್ಲರೂ ಅವಳ ಬಾಯಿ ನೋಡುತ್ತಿದ್ದೆವು. ಅವಳು ಕೆಳಗಿಳಿದು ಕೈಯ ಧೂಳು ಕೊಡವಿಕೊಂಡು, ‘ನಂಗೆ ಗೊತ್ತಿಲ್ಲ’ ಎಂದಳು.

‘ಏನು ಗೊತ್ತಿಲ್ಲ?’

‘ಇದ್ರ ಮೇಲೆ ಬೀಮ್ ಇದ್ಯೋ ಇಲ್ವೋ ಗೊತ್ತಿಲ್ಲಮ್ಮ. ಪ್ಲಾಸ್ಟರ್ ಮುಚ್ಚಿದೆ. ಬೀಮ್ ಇಲ್ದೇ ಇದ್ರೆ ಮೇಲಿನ ಮನೆ ನೆಲ ಈ ಗೋಡೆ ಮೇಲೇ ಕೂತಿರತ್ತೆ. ಗೊತ್ತಾಗೋವರೆಗೂ ಯಾರೂ ಮುಟ್ಟಬಾರದು, ಬಸ್, ಅಷ್ಟೇ.’

ಠೇಕೇದಾರ ನಕ್ಕುಬಿಟ್ಟ. ಇಡೀ ಬ್ಲಾಕಿನಲ್ಲಿ ಒಡೆದಿದ್ದೇನೆ, ಏನೂ ಆಗಿಲ್ಲ ಎಂದ. ಪ್ರೊಫೆಸರ್ ಮೀಸೆಯಡಿಯಲ್ಲೇ ನಗುತ್ತಾ ಚಹಾ ಹೀರಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರೆದುರೇ ಬಾಯಿ ಬಿಟ್ಟೆ.

‘ಅಲ್ಲ ಕಣೇ, ಇಷ್ಟು ಓದಿಸಿದ್ದು ಗೊತ್ತಿಲ್ಲ ಅಂತ ಹೇಳಿಸ್ಕೊಳ್ಳೋಕಾ? ಓದದೇ ಇರೋಳು ನಾನೇ ಹೇಳ್ತಿದ್ನಲ್ಲೇ ಅದನ್ನ!’

ಅವಳ ಮುಖ ಕೆಂಪಾಯಿತು. ಆದರೆ ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು ಠೇಕೇದಾರನಿಗೆ ಹಿಂದಿಯಲ್ಲಿ, ‘ಭಯ್ಯಾ, ಇವತ್ತು ಹೋಗಿ ಬನ್ನಿ’ ಎಂದಳು. ಆಳುಗಳು ಸುತ್ತಿಗೆ ಎತ್ತಿಕೊಂಡು ಹೋದರು. ಹತ್ತು ಜನರೆದುರು ನನ್ನ ಮರ್ಯಾದೆ ಹೋಯಿತಲ್ಲ ಎಂದು ಹಲ್ಲು ಕಡಿದೆ. ಒಳಗೆ ಹೋಗಿ ಯಜಮಾನರಿಗೆ ದೂರು ಹೇಳಿದರೆ ಅವರು ಸೂರು ನೋಡುತ್ತಾ, ‘ಸರಿ... ಹೇಳಿದ್ಲು’ ಎಂದರು. ನನಗೆ ಇನ್ನೂ ರೇಗಿತು. ಆ ವಾರವೆಲ್ಲ ಮಗಳ ಫೋನಿಗೆ ‘ಹೂಂ, ಸರಿ’ ಅಂದದ್ದು ಬಿಟ್ಟರೆ ಬೇರೆ ಮಾತಿಲ್ಲ.

ಮುಂದಿನ ರಜೆಯಲ್ಲಿ ಅವಳು ತನ್ನ ಕಚೇರಿಯ ಹಿರಿಯ ಇಂಜಿನಿಯರ್ ಒಬ್ಬರನ್ನು ಕರೆತಂದಳು. ಸೂರಿನ ಹತ್ತಿರ ಅಂಗೈಯಗಲ ಪ್ಲಾಸ್ಟರ್ ಕೆರೆದು, ಇಬ್ಬರೂ ಟಾರ್ಚ್ ಹಿಡಿದು ನೋಡಿದರು. ಬೀಮ್ ಇರಲಿಲ್ಲ. ಮೇಲಿನ ಮನೆಯ ಕಾಂಕ್ರೀಟು ನೆಲ ನೇರವಾಗಿ ನಮ್ಮ ಇಟ್ಟಿಗೆಗಳ ಮೇಲೆ ಕೂತಿತ್ತು. ಆ ನೆಲದ ಮೇಲೆ, ಅದೇ ಜಾಗದಲ್ಲಿ, ಪ್ರೊಫೆಸರ ಪುಸ್ತಕ ತುಂಬಿದ ಕಬ್ಬಿಣದ ಬೀರುಗಳು ಸಾಲಾಗಿ ನಿಂತಿದ್ದವು. ಅವರು ಓದುವ ಕುರ್ಚಿಯೂ ಅಲ್ಲೇ. ಕೆಳಗೆ ಒಳಕೋಣೆಯಲ್ಲಿ ನಮ್ಮ ಯಜಮಾನರ ಮಂಚ. ಗೋಡೆ ಒಡೆಸಿದ್ದರೆ ಅಷ್ಟೂ ಅವರ ಮೇಲೆ! ನನ್ನ ಕೈ ತಾನಾಗಿಯೇ ಮಗಳ ತೋಳು ಹಿಡಿದುಕೊಂಡಿತ್ತು.

ಪ್ರೊಫೆಸರ್ ಮೆಲ್ಲಗೆ, ‘ಬೇಟಾ, ನನ್ನ ಪುಸ್ತಕಗಳನ್ನ ತೆಗೀಬೇಕಾ?’ ಎಂದು ಕೇಳಿದರು. ಅವರು ಪ್ರಶ್ನೆ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಗೋಡೆ ಇರುವವರೆಗೂ ಏನೂ ಚಿಂತೆ ಬೇಡ ಎಂದಳು ಮಗಳು. ಠೇಕೇದಾರನೂ ಬಂದು ಆ ಇಟ್ಟಿಗೆಗಳನ್ನು ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಪಕ್ಕದ ಬ್ಲಾಕಿನಲ್ಲಿ ಇನ್ನೊಂದು ಗೋಡೆ ಒಡೆಯುವುದಿದೆ, ಇಂಜಿನಿಯರ್ ದೀದೀ ಒಮ್ಮೆ ಬಂದು ನೋಡುತ್ತಾರಾ ಎಂದು ನನ್ನನ್ನೇ ಕೇಳಿದ. ನೋಡಿ, ಆಗ ಎದೆ ಉಬ್ಬಿತು ನನಗೆ! ಅವಳನ್ನು ಕೇಳದೆಯೇ ಒಪ್ಪಿಕೊಂಡುಬಿಟ್ಟೆ.

ಎಲ್ಲರೂ ಹೋದ ಮೇಲೆ ಹಾಲ್‌ನಲ್ಲಿ ನಾವಿಬ್ಬರೇ ನಿಂತಿದ್ದೆವು. ಗೋಡೆ ಉಳಿಯಿತು, ಬಿಸಿಲು ಇನ್ನೂ ಆಚೆಗೇ ಇತ್ತು.

‘ಈಗ ಅಪ್ಪನ್ನ ಬಿಸಿಲಿಗೆ ಹೇಗೆ ತರೋದೇ?’

‘ಅದೂ ಗೊತ್ತಿಲ್ಲಮ್ಮ. ಚಲೋ, ಅಪ್ಪನ್ನೇ ಕೇಳೋಣ.’

ಅಯ್ಯೋ, ಇಷ್ಟು ದಿನ ಅವರನ್ನು ಒಂದು ಮಾತು ಕೇಳಬೇಕೆಂದು ನಮಗ್ಯಾರಿಗೂ ತೋಚಿರಲಿಲ್ಲ! ಮಗಳು ಗಾಲಿಕುರ್ಚಿಯನ್ನು ಓರೆ ಮಾಡಿ ಹೇಗೋ ಹಾಲ್‌ಗೆ ತಂದಳು. ಅವರು ಸುತ್ತ ನೋಡಿ, ಎಡಗೈಯಿಂದ ನನ್ನ ಸೋಫಾ ಸೆಟ್ ತೋರಿಸಿದರು. ‘ಇದು... ಒಳಗೆ. ಮಂಚ... ಇಲ್ಲಿ.’

ನನ್ನ ಸೋಫಾ! ಬಂದವರನ್ನು ಎಲ್ಲಿ ಕೂರಿಸಲಿ? ಒಂದು ಕ್ಷಣ ಜೀವ ಚುರುಕ್ ಅಂದಿತು. ಸಂಜೆಯೊಳಗೆ ಸೋಫಾ ಒಳಕೋಣೆ ಸೇರಿತು, ಮಂಚ ಹಾಲ್‌ಗೆ ಬಂತು. ಈಗ ನಮ್ಮ ಮನೆಗೆ ಬಂದವರು ಒಳಕೋಣೆಯ ಚಳಿಯಲ್ಲಿ ಕೂರುತ್ತಾರೆ, ಚಹಾ ಬೇಗ ಕುಡಿದು ಏಳುತ್ತಾರೆ.

ಮರುದಿನ ಮಧ್ಯಾಹ್ನ ಯಜಮಾನರು ಬಾಲ್ಕನಿಯ ಬಿಸಿಲಿನಲ್ಲಿ ಕೂತಿದ್ದರು. ರಾತ್ರಿ ಇಲ್ಲೇ ಉಳಿದಿದ್ದ ಮಗಳು ಕಿತ್ತಳೆ ಸುಲಿದು ಒಂದೊಂದೇ ತೊಳೆ ಕೊಡುತ್ತಿದ್ದಳು. ನಾನು ಪಕ್ಕದಲ್ಲೇ ಬಟ್ಟೆ ಒಣಹಾಕುತ್ತಿದ್ದೆ. ಅವರು ಅವಳ ಕೈ ಹಿಡಿದು ನಿಲ್ಲಿಸಿ ಕೇಳಿದರು, ‘ನಾನು... ನಡೀತೀನಾ?’

ಲಕ್ವ ಹೊಡೆದ ದಿನದಿಂದ ಆ ಪ್ರಶ್ನೆಯನ್ನು ಅವರು ಯಾರನ್ನೂ ಕೇಳಿರಲಿಲ್ಲ. ನನ್ನನ್ನೂ ಕೇಳಿರಲಿಲ್ಲ. ‘ನಡೀತೀರಿ ಕಣ್ರೀ, ಯಾಕೆ ನಡಿಯೋಲ್ಲ’ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

‘ಗೊತ್ತಿಲ್ಲ ಅಪ್ಪ’ ಎಂದಳು ಮಗಳು. ಅವಳ ಕಣ್ಣು ತುಂಬಿತ್ತು, ದನಿ ನಡುಗಲಿಲ್ಲ.

ಅವರು ಅವಳನ್ನೇ ದಿಟ್ಟಿಸಿದರು. ಆಮೇಲೆ ಸೊಟ್ಟಗಾಗಿದ್ದ ಬಾಯಿಯಲ್ಲೇ ನಕ್ಕರು. ಎಷ್ಟು ಕಾಲವಾಗಿತ್ತೋ ಆ ನಗು ನೋಡಿ! ‘ಹಾಗಾದ್ರೆ... ನೋಡೋಣ’ ಎಂದು ಎಡಗೈಯಿಂದ ಬಾಲ್ಕನಿಯ ಸರಳು ಹಿಡಿದರು. ಮಗಳು ಅವರ ಬಲ ಕಂಕುಳಿಗೆ ತನ್ನ ಹೆಗಲು ಕೊಟ್ಟಳು. ನಾನು ಒದ್ದೆ ಟವೆಲ್ ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಅವರ ಕಾಲು ನಡುಗಿತು, ಮೈಯೆಲ್ಲ ನಡುಗಿತು. ಅವರು ಎದ್ದು ನಿಂತರು. ಕೆಳಗಿನ ಪಾರ್ಕನ್ನು ಒಂದು ಸಲ ನೋಡಿ ಮತ್ತೆ ಕೂತರು.

ಈಗ ದಿನಾ ಬಿಸಿಲು ಬಂದಾಗ ಒಮ್ಮೆ ಎದ್ದು ನಿಲ್ಲುತ್ತಾರೆ. ಮೊನ್ನೆ ತರಕಾರಿ ಭಯ್ಯಾ ಗಾಡಿ ನಿಲ್ಲಿಸಿ ಬಾಲ್ಕನಿಯತ್ತ ಕತ್ತೆತ್ತಿ, ಸಾಹೇಬರು ಯಾವಾಗ ನಡೆಯುತ್ತಾರೆ ಎಂದು ಕೇಳಿದ.

‘ಪತಾ ನಹೀಂ, ಭಯ್ಯಾ’, ಗೊತ್ತಿಲ್ಲ ಎಂದೆ. ನನ್ನ ಮಗಳು ಇಂಜಿನಿಯರ್ ಎಂದು ಅವನಿಗೆ ಯಾವತ್ತೂ ಅಷ್ಟು ತಲೆಯೆತ್ತಿ ಹೇಳಿರಲಿಲ್ಲ.