ಕೂತುಕೊಳ್ಳಿ ಎಂದರಂತೆ

ನನ್ನ ಗಂಡನನ್ನು ಸದನದಲ್ಲಿ ಎಲ್ಲರೂ ‘ಗಂಟೆ’ ಎಂದೇ ಕರೆಯುತ್ತಾರೆ. ಬೇಜಾರು ಮಾಡಿಕೊಳ್ಳುವಷ್ಟು ಮಾನ ಇವನಿಗೆಲ್ಲಿದೆ? ಹಲ್ಲು ಕಿರಿದುಕೊಂಡು “ಬಂದೆ ಸಾರ್” ಎನ್ನುತ್ತಾನೆ. ಮೊದಲು ನಾನೂ ‘ಅವರು, ಇವರು’ ಎಂದೇ ಮಾತಾಡುತ್ತಿದ್ದೆ. ಈಗ ನಾಲಿಗೆ ಏಳುವುದಿಲ್ಲ.

ಇವನು ಒಬ್ಬ ಸದಸ್ಯರ ಆಪ್ತ ಸಹಾಯಕ. ಹೆಸರು ದೊಡ್ಡದು, ಕೆಲಸ ಒಂದೇ: ಸಾಹೇಬರು ಉಪಾಹಾರ ಗೃಹದಲ್ಲಿ ಕಾಫಿ ಹೀರುತ್ತಿರುವಾಗ, ಅವರ ಪ್ರಶ್ನೆಯ ಸರದಿ ಹತ್ತಿರ ಬಂತೆಂದು ಎಬ್ಬಿಸಿಕೊಂಡು ಬರುವುದು. ಸಂಖ್ಯೆ ಕೂಗಿದಾಗ ಸದಸ್ಯರು ತಮ್ಮ ಜಾಗದಲ್ಲಿ ಇರದಿದ್ದರೆ ಪ್ರಶ್ನೆ ಬಿದ್ದುಹೋದಂತೆ. ಅಲ್ಲಿನ ನಿಯಮ ಅದು. ಇವನು ಯಾವತ್ತೂ ತಪ್ಪಿಸಿದವನಲ್ಲ. ಬಾಗಿಲ ಪಕ್ಕ ನಿಂತು, ಗೋಡೆಯ ಸ್ಪೀಕರಿಗೆ ಕಿವಿಕೊಟ್ಟು, ನಿಂತೂ ನಿಂತೂ ಕಾಲಿನ ನರವೆಲ್ಲ ಉಬ್ಬಿಸಿಕೊಂಡಿದ್ದಾನೆ. ಸಂಜೆ ಆ ಕಾಲಿಗೆ ಎಣ್ಣೆ ತಿಕ್ಕಿದವಳು ನಾನು, ದಂಡ!

ನನ್ನ ತಮ್ಮ ವೆಲ್ಡರ್. ನಮ್ಮ ಊಟದ ಮೇಜಿನ ಕಬ್ಬಿಣದ ಕುರ್ಚಿಗಳನ್ನು ಬೆಸೆದುಕೊಟ್ಟವನು ಅವನೇ. ಪರದೇಶದಲ್ಲಿ ಹಡಗು ಕಟ್ಟುವ ಕೆಲಸಕ್ಕೆ ಹೋಗಿದ್ದ. ಅಲ್ಲಿ ಅಟ್ಟಣಿಗೆ ಕುಸಿದು ಜೊತೆಯವರು ಸತ್ತರು. ಅದನ್ನು ತಮ್ಮ ಪತ್ರಿಕೆಯವರಿಗೆ ಹೇಳಿದ ತಪ್ಪಿಗೆ, ಸುಳ್ಳುಸುದ್ದಿ ಹಬ್ಬಿಸಿದನೆಂದು ಜೈಲಿಗೆ ತಳ್ಳಿದರು. “ನಿಮ್ಮ ಸದನದಲ್ಲಿ ಯಾರಾದ್ರೂ ಒಂದು ಪ್ರಶ್ನೆ ಎತ್ತಿದ್ರೆ ಸಾಕು, ಗಲಾಟೆ ಬೇಡ ಅಂತ ಬಿಟ್ಟುಬಿಡ್ತಾರೆ. ತೀರ್ಪು ಬಂದ್ಮೇಲೆ ಏನೂ ಮಾಡೋಕಾಗಲ್ಲ” ಎಂದಿದ್ದರು ಅಲ್ಲಿಯ ವಕೀಲರು. ನಾನು ಸಾಹೇಬರ ಮನೆಗೆ ಅಲೆದು, ಅವರ ಹೆಂಡತಿಯ ಮುಂದೆ ಅತ್ತೂ ಕರೆದೂ ಅವರನ್ನು ಒಪ್ಪಿಸಿದೆ.

ಆ ದೇಶಕ್ಕೆ ಇಲ್ಲೊಬ್ಬ ಬಾಡಿಗೆ ಬಂಟನಿದ್ದಾನೆ. ಚುನಾವಣೆಯಲ್ಲಿ ಸೋತ ಸದಸ್ಯ. ಎಲ್ಲರ ಬಾಯಲ್ಲಿ ‘ಮಾಜಿ’. ಸಂಬಳ ಕೊಡುವುದು ಅಲ್ಲಿಯ ಸರ್ಕಾರ. ಸೋತರೇನು, ಉಪಾಹಾರ ಗೃಹದ ಬಾಗಿಲು ಮಾಜಿಗಳಿಗೆ ಸಾಯುವತನಕ ತೆರೆದಿರುತ್ತದೆ. ಅವನನ್ನು ಸಾಕಿರುವುದೂ ಅದಕ್ಕೇ. ಗೆಳೆತನದ ಸಂಘವೆಂದು ಒಂದು ಕಟ್ಟಿಕೊಂಡು ಒಬ್ಬರಿಗೆ ಪ್ರವಾಸ, ಇನ್ನೊಬ್ಬರ ಮಗಳಿಗೆ ಅಲ್ಲಿಯ ಕಾಲೇಜಿನಲ್ಲಿ ಸೀಟು ಎಂದು ಹಂಚುತ್ತಿರುತ್ತಾನೆ. ಯಾರ ಮೂಗಿಗೆ ಎಷ್ಟು ತುಪ್ಪ ಸವರಬೇಕೆಂದು ಅವನಿಗೆ ಗೊತ್ತು. ನಾವು ಆರಿಸಿ ಕಳಿಸಿದ ದೊಡ್ಡ ಮನುಷ್ಯರು ಮೂಗು ಮುಂದೆ ಚಾಚಿಕೊಂಡು ಕೂತಿರುತ್ತಾರೆ. ಥೂ!

ನಮ್ಮ ಪ್ರಶ್ನೆಯಿದ್ದ ದಿನ ನಾನೂ ತಮ್ಮನ ಹೆಂಡತಿಯೂ ಮೇಲೆ ಸಾರ್ವಜನಿಕರ ಗ್ಯಾಲರಿಯಲ್ಲಿ ಕೂತಿದ್ದೆವು. ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಸಭಾಪತಿಗಳು ನಮ್ಮ ಸಂಖ್ಯೆ ಕೂಗಿದರು. ಸಾಹೇಬರ ಜಾಗ ಖಾಲಿ. ಇನ್ನೊಮ್ಮೆ ಕೂಗಿದರು. ಆಮೇಲೆ ಮುಂದಿನ ಸಂಖ್ಯೆಗೆ ಹೋದರು.

“ಅಕ್ಕಾ, ನಮ್ಮದು ಯಾವಾಗ?” ಎಂದಳು ಅವಳು.

ನಾನು ದಡದಡನೆ ಕೆಳಗಿಳಿದು ಉಪಾಹಾರ ಗೃಹದತ್ತ ಓಡಿದೆ. ಕಾವಲಿನವನು ಬಾಗಿಲಲ್ಲೇ ತಡೆದ. ಗಾಜಿನಾಚೆ ಎಲ್ಲ ಕಾಣಿಸುತ್ತಿತ್ತು. ಮಾಜಿ, ಸಾಹೇಬರು, ಅವರ ಜೊತೆಗೆ ಮೆತ್ತನೆಯ ಕುರ್ಚಿಯಲ್ಲಿ ಕಪ್ಪು ಹಿಡಿದು ಕೂತ ನನ್ನ ಗಂಡ! ಕೈಯಾಡಿಸುತ್ತಾ ಏನೋ ವಿವರಿಸುತ್ತಿದ್ದ. ನನ್ನನ್ನು ಕಂಡೊಡನೆ ಮುಖ ಸುಣ್ಣದಂತಾಯಿತು.

ಸಾಹೇಬರು ಹೊರಗೆ ಬಂದು, “ಓ, ಬಿದ್ದೋಯ್ತಾ? ಇರಲಿ ಬಿಡಮ್ಮ, ಮುಂದಿನ ಅಧಿವೇಶನದಲ್ಲಿ ನೋಡೋಣ” ಎಂದು ಕರವಸ್ತ್ರದಿಂದ ಮೀಸೆ ಒರೆಸಿಕೊಂಡು ಹೊರಟುಹೋದರು. ತೀರ್ಪು ಮುಂದಿನ ವಾರವೇ ಇತ್ತು. ಅದು ಅವರಿಗೂ ಗೊತ್ತಿತ್ತು.

ಮನೆಗೆ ಬಂದ ಮೇಲೆ ಇವನನ್ನು ಹಿಡಿದು ನಿಲ್ಲಿಸಿದೆ. “ಸಂಖ್ಯೆ ಕೇಳಿಸಲಿಲ್ವಾ ನಿಮಗೆ?”

“ಕೇಳಿಸ್ತು ಕಣೇ.”

“ಮತ್ತೆ?”

“ಮಾಜಿಯವರು ಕೂತ್ಕೊಳ್ಳಿ ಅಂದ್ರು. ಇಷ್ಟು ವರ್ಷದಲ್ಲಿ ಅಲ್ಲಿ ನನಗೆ ಯಾರೂ ಹಾಗಂದಿರಲಿಲ್ಲ. ಆ ದೇಶದ ಜೊತೆ ಆಗೋ ಬಂದರಿನ ಒಪ್ಪಂದದ ಬಗ್ಗೆ ನಿಮ್ಮ ಅಭಿಪ್ರಾಯ ಏನು ಅಂತ ಕೇಳಿದ್ರು. ನಾನು ಹೇಳ್ತಾ ಇದ್ದೆ... ಮಾತಿನ ಮಧ್ಯೆ ಎದ್ದು ಬಂದ್ರೆ ಚೆನ್ನಾಗಿರುತ್ತಾ?”

ಅಭಿಪ್ರಾಯ! ಮನೆಗೆ ಯಾವ ಬಣ್ಣ ಬಳಿಸಬೇಕೆಂದು ಕೇಳಿದರೆ “ನಿನ್ನಿಷ್ಟ” ಎನ್ನುವ ಗಂಡಸಿಗೆ ಬಂದರಿನ ಬಗ್ಗೆ ಅಭಿಪ್ರಾಯ! ಸಾಹೇಬರಿಗಾದರೂ ಪ್ರವಾಸ ಸಿಕ್ಕಿತು. ಇಷ್ಟು ಅಗ್ಗಕ್ಕೆ ಬಿಕರಿಯಾದ ಪ್ರಾಣಿ ಆ ಕಟ್ಟಡದಲ್ಲಿ ಇವನೊಬ್ಬನೇ ಇರಬೇಕು.

ತಮ್ಮನಿಗೆ ಹನ್ನೆರಡು ವರ್ಷ ಜೈಲಾಯಿತು. ಸುದ್ದಿ ಬಂದ ದಿನ ಅವನ ಹೆಂಡತಿ ನಮ್ಮ ಅಡುಗೆಮನೆಯ ನೆಲದ ಮೇಲೆ ಕುಸಿದಳು. ಅವಳನ್ನು ಎತ್ತಿ ಮಲಗಿಸಿ, ಉಳಿದವರಿಗೆ ಊಟಕ್ಕಿಟ್ಟೆ. ಹೊಟ್ಟೆ ಕೇಳಬೇಕಲ್ಲ.

ಇವನು ಬಂದು ಸದ್ದಿಲ್ಲದೆ ಕುರ್ಚಿ ಎಳೆದ.

“ಅದು ನನ್ನ ತಮ್ಮ ಮಾಡಿದ ಕುರ್ಚಿ” ಎಂದೆ.

ಕುರ್ಚಿಯಿಂದ ಕೈ ತೆಗೆದ. ತಟ್ಟೆ ಎತ್ತಿಕೊಂಡು ಬಾಗಿಲ ಪಕ್ಕಕ್ಕೆ ಹೋಗಿ ನಿಂತು ಉಂಡ. ಈಗಲೂ ಅಲ್ಲೇ ನಿಂತು ಉಣ್ಣುತ್ತಾನೆ. ಕೂತ್ಕೊಳ್ಳಿ ಎಂದು ನಾನು ಹೇಳಿಲ್ಲ.